ರಾಸ್ಪ್‌ಬೆರಿ ಪೈ 3 ಬೋರ್ಡನ್ನು ಕ್ಯೂಎಮುವಿನಲ್ಲಿ ಓಡಿಸಿ ಲ್ಯಾಬ್ ನಡೆಸಬಹುದೇ?

ಲ್ಯಾಬ್_ಮೇಡಂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಈ ಸೆಮಿಸ್ಟರ್‌ನಲ್ಲಿ ಮಕ್ಕಳಿಗೆ ಲಿನಕ್ಸ್, ಪೈಥಾನ್, ಜೊತೆಗೆ ಒಂದಿಷ್ಟು ಸೆನ್ಸರ್ ಕೆಲಸ ಕಲಿಸಬೇಕು. ಲ್ಯಾಬಿನಲ್ಲಿ ಇರುವುದು ನಾಲ್ಕೇ ನಾಲ್ಕು ರಾಸ್ಪ್‌ಬೆರಿ ಪೈ 3 ಬೋರ್ಡ್ (ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್). ಗುಂಪು ಮಾಡಿ ಕೂರಿಸಿದರೆ ಕೀಬೋರ್ಡ್ ಮುಟ್ಟುವುದು ಒಬ್ಬರೇ, ಉಳಿದವರು ಸುಮ್ನೆ ಹಿಂದೆ ನಿಂತು ನೋಡುತ್ತಾರೆ. ಅದರಲ್ಲೂ ಸಂಕೋಚದ ಹುಡುಗಿಯರಿಗೆ ಕೈ ಹಾಕೋಕೆ ಅವಕಾಶವೇ ಸಿಗುವುದಿಲ್ಲ. ಇದು ನನಗೆ ತುಂಬಾ ಬೇಸರದ ವಿಷಯ.

ಬೋರ್ಡನ್ನೇ ಪಿಸಿಯೊಳಗೆ ತರಬಹುದಾ ಅಂತ ನೋಡುತ್ತಿದ್ದೇನೆ. ಪೈ ಓಎಸ್ ಇಮೇಜನ್ನು (ಎಸ್‌ಡಿ ಕಾರ್ಡಿಗೆ ಬರೆಯುವ ಇಡೀ ಸಿಸ್ಟಂನ ಫೈಲ್) ಪಿಸಿಯೊಳಗೆ ಇನ್ನೊಂದು ಪಿಸಿ ಓಡಿಸುವ ವರ್ಚುವಲ್‌ಬಾಕ್ಸ್‌ಗೆ ಕೊಟ್ಟರೆ ಬೂಟ್ ಆಗುವುದೇ ಇಲ್ಲ. ಬೇರೆ ಯಂತ್ರಗಳನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಕ್ಯೂಎಮು ಅನ್ನುವ ಎಮುಲೇಟರ್‌ನಲ್ಲಿ ಪೈ 3ರ ನಕಲಾಗಿ ರಾಸ್ಪಿ3ಬಿ ಅಂತ ಮೆಷಿನ್ ಇದೆ. ಅದಕ್ಕೆ ಅದೇ ಇಮೇಜ್ ಕೊಟ್ಟರೆ ಎಸ್‌ಡಿ ಕಾರ್ಡಿನ ಗಾತ್ರ ಸರಿ ಇಲ್ಲ ಅನ್ನುತ್ತದೆ. ಲ್ಯಾಬಿನಲ್ಲಿ ಉಬುಂಟು ಇದೆ. ಮಕ್ಕಳ ಮನೆಯಲ್ಲಿ 4 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್. ಎಲ್‌ಇಡಿ ಮಿನುಗಿಸುವುದು, ಡಿಎಚ್‌ಟಿ11 (ತಾಪಮಾನ, ತೇವಾಂಶದ ಸೆನ್ಸರ್) ಓದುವುದು, ಎಂಕ್ಯೂಟಿಟಿಯಲ್ಲಿ (ಸಾಧನಗಳ ನಡುವೆ ಚಿಕ್ಕ ಸಂದೇಶ ಸಾಗಿಸುವ ವಿಧಾನ) ಡೇಟಾ ಕಳಿಸುವುದು, ಇಷ್ಟನ್ನು ಬೋರ್ಡ್ ಇಲ್ಲದೆ ಮಾಡಿಸಬಹುದಾ?

ಬೂಟ್_ಲಾಗ್ ಉತ್ತರ:

ಮೇಡಂ, ಅರ್ಧಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ. ಯಾವುದು ಆಗಲ್ಲ ಅನ್ನುವುದನ್ನು ಮೊದಲೇ ತಿಳಿದುಕೊಂಡರೆ ಸೆಮಿಸ್ಟರ್ ಹಾಳಾಗುವುದಿಲ್ಲ. ನನ್ನ ಕೆಲಸವೇ ಬೋರ್ಡುಗಳಿಗೆ ಡ್ರೈವರ್ ಬರೆಯುವುದು, ದಿನದ ಹೆಚ್ಚು ಹೊತ್ತು ಕ್ಯೂಎಮು ಜೊತೆಗೇ ಕಳೆಯುತ್ತದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ವರ್ಚುವಲ್‌ಬಾಕ್ಸ್ ವಿಷಯ ಬಿಟ್ಟುಬಿಡಿ. ಇಂಟೆಲ್ ಪಿಸಿಯಲ್ಲಿ ಅದು ಇಂಟೆಲ್ ಪ್ರೊಸೆಸರ್‌ನ ಪ್ರೋಗ್ರಾಂಗಳನ್ನಷ್ಟೇ ಓಡಿಸುತ್ತದೆ. ಪೈ ಇಮೇಜಿನಲ್ಲಿ ಇರುವುದು ಆರ್ಮ್ ಕೋಡ್. ಕ್ಯೂಎಮು ಹಾಗಲ್ಲ. ಪ್ರತಿ ಆರ್ಮ್ ಸೂಚನೆಯನ್ನು ಓಡುತ್ತಿರುವಾಗಲೇ ಇಂಟೆಲ್ ಸೂಚನೆಗಳಾಗಿ ಬದಲಿಸಿಕೊಳ್ಳುತ್ತದೆ. ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಶುರು ಮಾಡಿದಾಗಿನಿಂದ ಅದರ ಜೀವಾಳವೇ ಇದು. ಇದಕ್ಕೆ ಬೆಲೆ ವೇಗ. ಸಾಫ್ಟ್‌ವೇರ್ ಹೊಸದು ಮಾಡುವ ಆಪ್ಟ್ ಅಪ್‌ಗ್ರೇಡ್ ಕಮಾಂಡ್ ಕೊಟ್ಟರೆ ಕಾಯಬೇಕಾಗುತ್ತದೆ, ಮಕ್ಕಳಿಗೆ ಮೊದಲೇ ಹೇಳಿಡಿ.

ಗಾತ್ರದ ಎರರ್ ಸುಲಭ. ಕ್ಯೂಎಮುವಿನ ಎಸ್‌ಡಿ ಕಾರ್ಡ್ 2ರ ಘಾತದ ಗಾತ್ರದಲ್ಲೇ ಇರಬೇಕು: 4 ಜಿಬಿ, 8 ಜಿಬಿ, ಹೀಗೆ. ಕ್ಯೂಎಮು-ಇಮ್ಗ್ ರೀಸೈಜ್ ಕಮಾಂಡ್‌ನಿಂದ ಇಮೇಜನ್ನು 8 ಜಿಬಿ ಮಾಡಿ.

ಆಮೇಲೆ ಬರುವುದು ನಿಜವಾದ ತೊಡಕು. ಅಸಲಿ ಪೈ 3ರಲ್ಲಿ ಕರೆಂಟ್ ಕೊಟ್ಟ ಕೂಡಲೇ ಮೊದಲು ಎಚ್ಚರಾಗುವುದು ಆರ್ಮ್ ಅಲ್ಲ, ವಿಡಿಯೋಕೋರ್ ಜಿಪಿಯು. ಅದು ಕಾರ್ಡಿನ ಮೊದಲ ಪಾರ್ಟಿಷನ್‌ನಿಂದ ಬೂಟ್‌ಕೋಡ್, ಸ್ಟಾರ್ಟ್ ಫೈಲುಗಳನ್ನು ಓದುತ್ತದೆ. ಕಾನ್ಫಿಗ್.ಟಿಎಕ್ಸ್‌ಟಿ, ಸಿಎಂಡಿಲೈನ್.ಟಿಎಕ್ಸ್‌ಟಿ ಎರಡನ್ನೂ ನೋಡಿ, ಕರ್ನಲ್ಲನ್ನು ಮೆಮೊರಿಗೆ ಹಾಕಿ, ಆಮೇಲಷ್ಟೇ ಆರ್ಮ್ ಅನ್ನು ಎಬ್ಬಿಸುತ್ತದೆ. ಕ್ಯೂಎಮುವಿನಲ್ಲಿ ಈ ಜಿಪಿಯು ಕೆಲಸ ಮಾಡುವವರು ಯಾರೂ ಇಲ್ಲ. ಅದಕ್ಕೇ ಕರ್ನಲ್8.ಇಮ್ಗ್ (ಲಿನಕ್ಸ್‌ನ ತಿರುಳು) ಮತ್ತು ಬಿಸಿಎಂ2710-ಆರ್‌ಪಿಐ-3-ಬಿ.ಡಿಟಿಬಿ (ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀ ಫೈಲ್) ಎರಡನ್ನೂ ಮೊದಲ ಪಾರ್ಟಿಷನ್‌ನಿಂದ ಹೊರಗೆ ನಕಲು ಮಾಡಿಕೊಂಡು, ಕರ್ನೆಲ್ ಮತ್ತು ಡಿಟಿಬಿ ಆಯ್ಕೆಗಳಲ್ಲಿ ನೀವೇ ಕೊಡಬೇಕು. ಉಬುಂಟುವಿನಲ್ಲಿ ಲೂಪ್ ಮೌಂಟ್ ಮಾಡಿದರೆ ಸಿಗುತ್ತವೆ. ವಿಂಡೋಸ್‌ನಲ್ಲಿ 7-ಜಿಪ್ ಇಮೇಜನ್ನೇ ತೆರೆದು ತೋರಿಸುತ್ತದೆ.

ಇದರಿಂದ ಇನ್ನೊಂದು ಪರಿಣಾಮ ಇದೆ, ತುಂಬಾ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಕಾನ್ಫಿಗ್.ಟಿಎಕ್ಸ್‌ಟಿಯಲ್ಲಿ ಏನು ಬರೆದರೂ ಕ್ಯೂಎಮುವಿನಲ್ಲಿ ಲೆಕ್ಕಕ್ಕಿಲ್ಲ. ಸಿಎಂಡಿಲೈನ್.ಟಿಎಕ್ಸ್‌ಟಿಯೂ ಅಷ್ಟೇ. ಅದರಲ್ಲಿ ಇರಬೇಕಾದ ಸಾಲನ್ನು ಅಪೆಂಡ್ ಆಯ್ಕೆಯಲ್ಲಿ ಕೊಡಿ: ರೂಟ್ ಯಾವ ಪಾರ್ಟಿಷನ್, ಕನ್ಸೋಲ್ ಯಾವುದು ಅಂತ. ಕನ್ಸೋಲ್‌ಗೆ ಟಿಟಿವೈಎಎಂಎ0 ಕೊಟ್ಟು ಪರದೆ ಖಾಲಿ ಉಳಿದರೆ ಟಿಟಿವೈಎಎಂಎ1 ಕೊಟ್ಟು ನೋಡಿ, ಹೊಸ ಕರ್ನಲ್‌ಗಳಲ್ಲಿ ನಂಬರ್ ಬದಲಾಗಿರುತ್ತದೆ. ಮೊದಲ ಬೂಟ್‌ನಲ್ಲಿ ಪಾರ್ಟಿಷನ್ ತಾನಾಗಿ ದೊಡ್ಡದಾಗುವುದೂ ಆ ಸಾಲಿನಿಂದಲೇ. ಹಾಗಾಗಿ ಇಲ್ಲಿ ಪಾರ್ಟೆಡ್, ರೀಸೈಜ್2ಎಫ್‌ಎಸ್ ಬಳಸಿ ಕೈಯಾರೆ ದೊಡ್ಡದು ಮಾಡಬೇಕು.

ರ‍್ಯಾಮ್ 1 ಜಿಬಿ ಅಂತಲೇ ಕೊಡಿ. ಅಸಲಿ ಬೋರ್ಡಿನಲ್ಲಿ ಇರುವುದು ಅಷ್ಟೇ, ಬೇರೆ ಅಂಕಿ ಕೊಟ್ಟರೆ ಕ್ಯೂಎಮು ಒಪ್ಪುವುದಿಲ್ಲ. ನಿಮ್ಮ ಮಕ್ಕಳ 4 ಜಿಬಿ ಲ್ಯಾಪ್‌ಟಾಪ್‌ಗೆ ಇದು ಅನುಕೂಲವೇ ಆಯಿತು. ಡೆಸ್ಕ್‌ಟಾಪ್ ಇಲ್ಲದ ಲೈಟ್ ಇಮೇಜ್ ತೆಗೆದುಕೊಳ್ಳಿ.

ಪಿನ್‌ಗಳ ವಿಷಯಕ್ಕೆ ಬಂದರೆ, ರಾಸ್ಪಿ3ಬಿಯ ಜಿಪಿಐಒ ಪಿನ್‌ಗಳಿಗೆ (ಎಲ್‌ಇಡಿ, ಸೆನ್ಸರ್ ಜೋಡಿಸುವ ಪಿನ್‌ಗಳು) ಹೊರಗೆ ಏನನ್ನೂ ಜೋಡಿಸಲು ಆಗುವುದಿಲ್ಲ. ಡಿಎಚ್‌ಟಿ11 ಅಂತೂ ಕೇಳಲೇಬೇಡಿ. ಆ ಸೆನ್ಸರ್‌ನಲ್ಲಿ ಸುಮಾರು 26ರಿಂದ 28 ಮೈಕ್ರೊಸೆಕೆಂಡ್ ಪಲ್ಸ್ ಬಂದರೆ 0, 70 ಮೈಕ್ರೊಸೆಕೆಂಡ್ ಬಂದರೆ 1. ಕ್ಯೂಎಮು ಅಷ್ಟು ಸೂಕ್ಷ್ಮವಾಗಿ ಕಾಲ ಹಿಡಿಯುವುದಿಲ್ಲ, ಅದರ ಗುರಿಯೂ ಅದಲ್ಲ. ಆ ಪ್ರಯೋಗವನ್ನು ನಾಲ್ಕು ಬೋರ್ಡುಗಳಲ್ಲೇ ಮಾಡಿಸಿ.

ರೆಡಿ_ಸೆನ್ಸರ್ ಉತ್ತರ:

ಎಲ್‌ಇಡಿ ಪಾಠಕ್ಕೆ ಒಂದು ದಾರಿ ಇದೆ ಮೇಡಂ. ಪೈಥಾನ್‌ನ ಜಿಪಿಐಒ ಝೀರೊ ಲೈಬ್ರರಿಯಲ್ಲಿ ಮಾಕ್ ಪಿನ್ ಫ್ಯಾಕ್ಟರಿ ಅಂತ ಇದೆ, ಅಸಲಿ ಪಿನ್ ಬದಲು ಹುಸಿ ಪಿನ್ ಕೊಡುತ್ತದೆ. ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಪಿನ್ ಫ್ಯಾಕ್ಟರಿ ಮಾಕ್ ಅಂತ ಹೇಳಿದರೆ ಸಾಕು, ಅದೇ ಪ್ರೋಗ್ರಾಂ ಯಾವ ಪಿಸಿಯಲ್ಲೂ ಓಡುತ್ತದೆ. ಬಟನ್ ಒತ್ತಿದ ಹಾಗೆ ಮಾಡಲು ಡ್ರೈವ್ ಲೋ ಕರೆಯಿರಿ. ಎಲ್‌ಇಡಿಯ ಬೆಳಕು ಏರಿಸಿ ಇಳಿಸುವ ಪ್ರಯೋಗ ಇದ್ದರೆ ಪಿಡಬ್ಲ್ಯೂಎಂ (ಬೇಗ ಬೇಗ ಆನ್-ಆಫ್ ಮಾಡಿ ಬೆಳಕು ಹೊಂದಿಸುವುದು) ಬರುವ ಮಾಕ್ ಪಿನ್ ಆರಿಸಬೇಕು, ಮಾಮೂಲಿ ಮಾಕ್ ಪಿನ್‌ಗೆ ಅದು ಬರುವುದಿಲ್ಲ. ಕೊನೆಗೆ ಅದೇ ಪ್ರೋಗ್ರಾಂ ಒಂದಕ್ಷರ ಬದಲಿಸದೆ ಅಸಲಿ ಪೈ ಮೇಲೆ ಓಡಿಸಿದರೆ ನಿಜವಾದ ಎಲ್‌ಇಡಿ ಹತ್ತುತ್ತದೆ.

ಸೆನ್ಸರ್ ತೋರಿಸಲೇಬೇಕು ಅಂದರೆ ಬ್ರೌಸರ್‌ನಲ್ಲಿ ಓಡುವ ವೋಕ್ವಿ ಅನ್ನುವ ಸಿಮ್ಯುಲೇಟರ್ ನೋಡಿ. ಪೈ ಪಿಕೋ, ಇಎಸ್‌ಪಿ32 ಜೊತೆ ಡಿಎಚ್‌ಟಿ22 ಇದೆ. ಅದು ಪೈ 3 ಅಲ್ಲ, ಮೈಕ್ರೊಕಂಟ್ರೋಲರ್ ಅನ್ನುವುದು ಮಾತ್ರ ಮಕ್ಕಳಿಗೆ ಗೊತ್ತಿರಲಿ.

ಹಳೇ_ಲಿನಕ್ಸ್ ಉತ್ತರ:

ನನಗೇನೋ ಇಷ್ಟು ಕಷ್ಟ ಬೇಡ ಅನ್ನಿಸುತ್ತದೆ. ರಾಸ್ಪ್‌ಬೆರಿ ಪೈ ಡೆಸ್ಕ್‌ಟಾಪ್ ಅಂತ ಪಿಸಿಗೇ ಮಾಡಿದ ಇಮೇಜ್ ಇದೆ, ವರ್ಚುವಲ್‌ಬಾಕ್ಸ್‌ನಲ್ಲಿ ಸಲೀಸಾಗಿ ಓಡುತ್ತದೆ. ಲಿನಕ್ಸ್ ಕಮಾಂಡ್, ಪೈಥಾನ್, ಎಂಕ್ಯೂಟಿಟಿ ಕಲಿಸೋಕೆ ಅಷ್ಟು ಸಾಕಲ್ವಾ?

ಬೂಟ್_ಲಾಗ್ ಉತ್ತರ:

ಮೊದಲ ಕೆಲವು ವಾರಕ್ಕೆ ಖಂಡಿತ ಸಾಕು ಸರ್. ಆದರೆ ಅದು ಇಂಟೆಲ್‌ಗೆ ಮಾಡಿದ್ದು, ಆಧಾರವೂ ಹಳೆಯ ಡೆಬಿಯನ್ 11 (ಡೆಬಿಯನ್ ಅಂದರೆ ಪೈ ಓಎಸ್‌ಗೂ ಮೂಲವಾದ ಲಿನಕ್ಸ್). ಡಿವೈಸ್ ಟ್ರೀ ಅಂದರೇನು, ಕರ್ನಲ್ ಎಲ್ಲಿಂದ ಬರುತ್ತದೆ, ಆರ್ಮ್‌ಗೆ ಕಂಪೈಲ್ ಮಾಡುವುದು ಹೇಗೆ, ಇದೆಲ್ಲ ಅಲ್ಲಿ ಕಾಣುವುದಿಲ್ಲ. ಎಂಬೆಡೆಡ್ ಕಲಿಯುವವರಿಗೆ ಅದೇ ತಿರುಳು.

ಎಮುಲೇಟರ್ ಅಂದರೆ ಬೋರ್ಡ್ ಕೊಳ್ಳಲಾಗದವರ ದಾರಿ ಅಂತ ಎಷ್ಟೋ ಜನ ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಕ್ಯೂಎಮುವಿಗೆ ಸಣ್ಣ ಎಸ್, ದೊಡ್ಡ ಎಸ್ ಎರಡೂ ಆಯ್ಕೆ ಕೊಟ್ಟರೆ ಮೊದಲ ಸೂಚನೆಯಲ್ಲೇ ನಿಂತು ಕಾಯುತ್ತದೆ. 1234 ಪೋರ್ಟಿಗೆ ಜಿಡಿಬಿ ಅನ್ನುವ ಡಿಬಗ್ಗರ್ ಜೋಡಿಸಿ ಒಂದೊಂದೇ ಹೆಜ್ಜೆ ನಡೆಸಬಹುದು. ಅಸಲಿ ಪೈ ಮೇಲೆ ಇದಕ್ಕೆ ಜೆಟ್ಯಾಗ್ ಸಾಧನ (ಚಿಪ್ಪಿನ ಒಳಗನ್ನು ಹೊರಗಿನಿಂದ ಡಿಬಗ್ ಮಾಡುವ ಉಪಕರಣ), ವೈರಿಂಗ್ ಎಲ್ಲ ಬೇಕು. ಡಿಪ್ಲೊಮಾ ಮಕ್ಕಳು ಒಂದು ಪ್ರೊಸೆಸರ್ ಎಚ್ಚರಾಗುವುದನ್ನು ಕಣ್ಣಾರೆ ನೋಡಲಿ ಅನ್ನುವುದು ನನ್ನ ಆಸೆ.

ಇಷ್ಟಾಗಿ, ಎಂಕ್ಯೂಟಿಟಿ, ಫ್ಲಾಸ್ಕ್ (ಪೈಥಾನ್‌ನಲ್ಲಿ ವೆಬ್ ಪುಟ ಮಾಡುವ ಲೈಬ್ರರಿ) ತರಹದ ಕೆಲಸಕ್ಕೆ ರಾಸ್ಪಿ3ಬಿ ಕೂಡ ಬೇಡ. ಕ್ಯೂಎಮುವಿನ ವರ್ಟ್ ಮೆಷಿನ್‌ನಲ್ಲಿ ಡೆಬಿಯನ್‌ನ ಆರ್ಮ್64 ಹಾಕಿ. ಅದು ಯಾವ ಬೋರ್ಡಿನ ನಕಲೂ ಅಲ್ಲ, ಎಮುಲೇಷನ್‌ಗೆಂದೇ ಮಾಡಿದ ಮೆಷಿನ್. ಡಿಸ್ಕ್, ನೆಟ್‌ವರ್ಕ್ ಎರಡೂ ಚುರುಕು, ರ‍್ಯಾಮ್ ನಿಮ್ಮಿಷ್ಟ.

ಲ್ಯಾಬ್_ಮೇಡಂ:

ಬೂಟ್ ಆಯಿತು! ಲಾಗ್ ಸಾಲುಗಳು ಓಡುವುದನ್ನು ನೋಡಿ ಲ್ಯಾಬ್ ಅಸಿಸ್ಟೆಂಟ್ ಕೂಡ ಕುರ್ಚಿ ಎಳೆದುಕೊಂಡು ಕೂತರು. ಈಗ ಎರಡು ತೊಂದರೆ. ಪೈ, ರಾಸ್ಪ್‌ಬೆರಿ ಅನ್ನುವ ಹಳೆಯ ಲಾಗಿನ್ ನಡೆಯುತ್ತಿಲ್ಲ. ನೆಟ್‌ವರ್ಕ್ ಕಾಣುತ್ತಿಲ್ಲ. ಇನ್ನೊಂದು, ಪ್ರತಿ ವಿದ್ಯಾರ್ಥಿಗೂ 8 ಜಿಬಿ ನಕಲು ಕೊಟ್ಟರೆ ಲ್ಯಾಬಿನ ಡಿಸ್ಕ್ ತುಂಬಿಹೋಗುತ್ತದೆ.

ಬೂಟ್_ಲಾಗ್ ಉತ್ತರ:

ಖುಷಿಯಾಯಿತು ಮೇಡಂ. ಆ ಹಳೆಯ ಯೂಸರ್‌ನನ್ನು 2022ರ ಏಪ್ರಿಲ್‌ನಲ್ಲೇ ತೆಗೆದರು. ನೀವು ಹಾಕಿರುವುದು ಬುಕ್‌ವರ್ಮ್ (ಡೆಬಿಯನ್ 12 ಆಧಾರದ) ಇಮೇಜ್ ಆದರೆ ಬೂಟ್ ಪಾರ್ಟಿಷನ್‌ನಲ್ಲಿ ಯೂಸರ್‌ಕಾನ್ಫ್.ಟಿಎಕ್ಸ್‌ಟಿ ಅಂತ ಫೈಲ್ ಮಾಡಿ. ಒಂದೇ ಸಾಲು: ಯೂಸರ್ ಹೆಸರು, ಕೋಲನ್, ಓಪನ್‌ಎಸ್‌ಎಸ್‌ಎಲ್ ಪಾಸ್‌ವರ್ಡ್ ಕಮಾಂಡ್ ಕೊಟ್ಟ ಎನ್‌ಕ್ರಿಪ್ಟ್ ಆದ ಪಾಸ್‌ವರ್ಡ್. ಪಕ್ಕದಲ್ಲೇ ಎಸ್‌ಎಸ್‌ಎಚ್ ಅನ್ನುವ ಖಾಲಿ ಫೈಲ್ ಇಡಿ, ನೆಟ್‌ವರ್ಕ್ ಮೂಲಕ ಲಾಗಿನ್ ಆಗಲು ಅದು ಬೇಕು. ಇವನ್ನು ಓದುವುದು ಲಿನಕ್ಸ್, ಜಿಪಿಯು ಅಲ್ಲ. ಹಾಗಾಗಿ ಕ್ಯೂಎಮುವಿನಲ್ಲೂ ನಡೆಯುತ್ತದೆ.

ಪೈ 3ರಲ್ಲಿ ಈಥರ್ನೆಟ್ ಬರುವುದು ಯುಎಸ್‌ಬಿ ಹಿಂದಿರುವ ಒಂದು ಚಿಪ್‌ನಿಂದ. ಕ್ಯೂಎಮುವಿನಲ್ಲಿ ಆ ಚಿಪ್ ಇಲ್ಲ. ಬದಲಿಗೆ ಯುಎಸ್‌ಬಿ-ನೆಟ್ ಡಿವೈಸ್ ಸೇರಿಸಿ, ಪಿಸಿಯ 2222 ಪೋರ್ಟನ್ನು ಒಳಗಿನ 22ಕ್ಕೆ ಫಾರ್ವರ್ಡ್ ಮಾಡಿ. ಪಿಂಗ್ ಉತ್ತರ ಬರದಿದ್ದರೆ ಗಾಬರಿ ಬೇಡ, ಯೂಸರ್ ಮೋಡ್ ನೆಟ್‌ವರ್ಕ್‌ನಲ್ಲಿ ಅದು ಮಾಮೂಲು. ಆಪ್ಟ್ ಅಪ್‌ಡೇಟ್ ಓಡಿಸಿ ನೋಡಿ.

ಡಿಸ್ಕ್‌ಗೆ ಓವರ್‌ಲೇ ಬಳಸಿ. ಎಲ್ಲ ಸಿದ್ಧ ಮಾಡಿದ ಒಂದು ಮೂಲ ಇಮೇಜ್ ಇರಲಿ. ಅದನ್ನು ಬ್ಯಾಕಿಂಗ್ ಫೈಲ್ ಅಂತ ತೋರಿಸಿ ಪ್ರತಿ ವಿದ್ಯಾರ್ಥಿಗೂ ಒಂದು ಕ್ಯೂಕೌ2 ಫೈಲ್ (ಕ್ಯೂಎಮುವಿನದೇ ಡಿಸ್ಕ್ ಫೈಲ್) ಮಾಡಿಕೊಡಿ, ಇದೇ ಓವರ್‌ಲೇ. ಅವರು ಬದಲಿಸಿದ್ದಷ್ಟೇ ಅದರಲ್ಲಿ ಸೇರುತ್ತದೆ, ಶುರುವಿನಲ್ಲಿ ಒಂದು ಎಂಬಿಯೂ ಇರುವುದಿಲ್ಲ. ಯಾರಾದರೂ ಸಿಸ್ಟಂ ಕೆಡಿಸಿಕೊಂಡರೆ ಆ ಫೈಲ್ ಅಳಿಸಿ ಹೊಸದು ಮಾಡಿದರೆ ಆಯಿತು. ಮೂಲ ಇಮೇಜನ್ನು ರೀಡ್ ಓನ್ಲಿ ಮಾಡಿಡಿ. ಓವರ್‌ಲೇ ಹಂಚಿದ ಮೇಲೆ ಅದನ್ನು ಒಮ್ಮೆ ಬೂಟ್ ಮಾಡಿದರೂ ಎಲ್ಲರ ಫೈಲೂ ಕೆಡುತ್ತದೆ.