ಸ್ಟ್ಯಾಟಿಸ್ಟಿಕ್ಸ್ ಓದಿ ಕನ್ನಡ ಶಾಸನದ ಮೇಲೆ ಪಿಎಚ್‌ಡಿ ಮಾಡ್ಬಹುದಾ? ಪುಣೆ, ಮುಂಬೈ ಕಡೆಯವರು ಹೇಳಿ

ಚಿಂಚವಾಡ_ಕನ್ನಡತಿ:

ನಮಸ್ಕಾರ ಎಲ್ಲರಿಗೂ. ನಾನು ಪುಣೆಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ ಮುಗಿಸಿ ಈಗ ಒಂದು ಕಂಪನಿಲಿ ಡೇಟಾ ಕೆಲಸ ಮಾಡ್ತಿದೀನಿ. ಊರು ವಿಜಯಪುರ ಕಡೆ, ಬೆಳೆದಿದ್ದೆಲ್ಲ ಚಿಂಚವಾಡದಲ್ಲೇ. ಅಜ್ಜ ಹಳಗನ್ನಡ ಓದೋದು ಕಲಿಸಿದ್ರು, ಅಲ್ಲಿಂದ ಶಾಸನದ ಹಂಬಲ ಹತ್ತಿ ಈಗ ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರ ಕಡೆ ಹೋದಾಗೆಲ್ಲ ಗುಡಿ ಅಂಗಳದಲ್ಲಿ ಕನ್ನಡ ಕಲ್ಲು ಹುಡುಕೋದೇ ಕೆಲಸ.

ವಿಷಯ ಏನಂದ್ರೆ, ದಾನಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲ ಕೊಟ್ಟು ಎಷ್ಟೋ ಸಲ ಸೂರ್ಯಗ್ರಹಣ ನಿಮಿತ್ತ ಭೂಮಿ ಬಿಟ್ಟರು ಅಂತಾನೂ ಬರೆದಿರ್ತಾರೆ, ಲೆಕ್ಕ ಹಾಕಿ ನೋಡಿದ್ರೆ ಕೆಲವು ಕರೆಕ್ಟಾಗಿ ಕೂರ್ತವೆ, ಕೆಲವು ವಾರ ತಪ್ತವೆ, ಕೆಲವಕ್ಕೆ ಆ ಅಮಾವಾಸ್ಯೆಗೆ ಗ್ರಹಣಾನೇ ಇರಲ್ಲ. ಸಂಪಾದಕರು ಕೆಳಗೆ ಒಂದು ಟಿಪ್ಪಣಿ ಹಾಕಿ ಮುಂದೆ ಹೋಗಿಬಿಡ್ತಾರೆ. ನನಗೆ ಆ ತಪ್ಪುಗಳೇ ಬೇಕು. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ರೆ ಯಾವ ಕಾಲದಲ್ಲಿ, ಯಾವ ಸೀಮೆಲಿ, ಕಲ್ಲಲ್ಲಿ ಜಾಸ್ತಿನಾ ತಾಮ್ರಪಟದಲ್ಲಿ ಜಾಸ್ತಿನಾ ಅಂತ ಏನಾದ್ರೂ ಕ್ರಮ ಕಾಣ್ಬಹುದು ಅಂತ ನನ್ನ ನಂಬಿಕೆ.

ಆದ್ರೆ ಗೈಡ್ ಸಿಗ್ತಿಲ್ಲ. ಸ್ಟ್ಯಾಟ್ ವಿಭಾಗದ ಒಬ್ರು ಇದರಲ್ಲಿ ಹೊಸ ಥಿಯರಿ ಎಲ್ಲಿದೆ ಅಂದ್ರು, ಇತಿಹಾಸದವರು ನಿಮ್ಮದು ಎಂ.ಎ ಅಲ್ವಲ್ಲ ಅಂದ್ರು. ಒಬ್ಬ ಸೀನಿಯರ್ ಅಂತೂ ಹೀಗೆ ಎರಡು ಕಡೆ ಕಾಲಿಟ್ರೆ ಎಲ್ಲೂ ಕೆಲಸ ಸಿಗಲ್ಲ ಅಂತ ನೇರವಾಗಿ ಹೇಳಿದ್ರು. ಒಂದು ಶಾಸ್ತ್ರ ಓದಿ ಇನ್ನೊಂದಕ್ಕೆ ಹೋಗಿ ಗಟ್ಟಿ ಕೆಲಸ ಮಾಡಿದವರು ಯಾರಿದ್ದಾರೆ, ಹೇಗೆ ಮಾಡಿದ್ರು, ನಾನು ಎಲ್ಲಿಂದ ಶುರು ಮಾಡ್ಲಿ? ದಯವಿಟ್ಟು ಹೇಳಿ.

---

ಧಾರವಾಡದಾಂವ_ಕೋಥ್ರೂಡ್:

ತಂಗಿ, ಮೊದಲ ಒಂದ್ ಮಾತು, ನೀವು ಹಿಡಿದಿರೋ ದಾರಿ ಹೊಸಾದೇನಲ್ಲ, ಇದ ಮುಂಬೈ ಪ್ರಾಂತ್ಯದಾಗ 1880ರ ದಶಕದಾಗನ ನಡದದ. ಫ್ಲೀಟ್ ಸಾಹೇಬ್ರು ಸರ್ಕಾರಿ ಅಧಿಕಾರಿ, ನಮ್ಮ ಕಡೆ ಕನ್ನಡ ಶಾಸನ ಓದಿ ಪ್ರಕಟ ಮಾಡಿದವ್ರು. ಅವ್ರು ಗುಪ್ತರ ಶಾಸನಗಳ ಕಾಲ ಗಟ್ಟಿ ಮಾಡಬೇಕಾದಾಗ ತಿಥಿ ವಾರದ ಲೆಕ್ಕ ಹಾಕಿಕೊಟ್ಟವ್ರು ಶಂಕರ ಬಾಳಕೃಷ್ಣ ದೀಕ್ಷಿತ, ಶಾಲಾ ಮಾಸ್ತರಾಗಿದ್ದ ಖಗೋಳ ಪಂಡಿತರು. 1888ರ ಸಂಪುಟದಾಗ ಆ ಲೆಕ್ಕ ಅದಾವ. ಆಮ್ಯಾಲೆ 1896ರಾಗ ಅದ ದೀಕ್ಷಿತರು ರಾಬರ್ಟ್ ಸ್ಯೂವೆಲ್ ಜೋಡಿ ಕೂಡಿ ಭಾರತೀಯ ಪಂಚಾಂಗದ ಕೋಷ್ಟಕಗಳ ಪುಸ್ತಕ ಮಾಡಿದ್ರು. ಶಾಸನ ಓದೋರು, ಆಕಾಶದ ಲೆಕ್ಕ ಹಾಕೋರು ಒಂದ ಮೇಜಿಗೆ ಕುಂತದ್ದಕ್ಕನ ಇವತ್ತು ನಾವು ಇಸವಿ ಹೇಳಾಕತ್ತೀವಿ.

ಪುಣೆದಾಗ ಇದ್ದೀರಿ ಅಂದ್ರ ಡಿ.ಡಿ. ಕೊಸಾಂಬಿ ಅವರ ಕೆಲಸ ಓದಲೇಬೇಕು. 1907ರಾಗ ಗೋವಾದಾಗ ಹುಟ್ಟಿದವ್ರು, ಗಣಿತ ಅವರ ಕಸುಬು, ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್‌ನಾಗ ಪ್ರೊಫೆಸರ್, ಮನಿ ಪುಣೆದಾಗ, ಡೆಕ್ಕನ್ ಕ್ವೀನ್ ರೈಲು ಹತ್ತಿ ಓಡಾಡ್ತಿದ್ರು. ಅವ್ರು ತಕ್ಷಶಿಲೆಯಾಗ ಹೂತಿಟ್ಟಲ್ಲೇ ಸಿಕ್ಕ ಗಂಟಿನ ಪುರಾತನ ಬೆಳ್ಳಿ ನಾಣ್ಯ ಒಂದೊಂದಾಗಿ ತಕ್ಕಡಿಗೆ ಹಾಕಿ ತೂಗಿದ್ರು. ವಿಚಾರ ಏನಂದ್ರ, ನಾಣ್ಯ ಕೈಯಿಂದ ಕೈಗೆ ಹೋದಂಗ ಸವೀತದ, ಅಂದ್ರ ಹಳೇ ಗುಂಪಿನ ಸರಾಸರಿ ತೂಕ ಕಡಿಮಿ ಆಗ್ತದ, ತೂಕದ ಹರವು ಜಾಸ್ತಿ ಆಗ್ತದ. ಇದು ಬರೇ ಕಲ್ಪನಾ ಆಗಬಾರದು ಅಂತ ತಮ್ಮ ಕಾಲದ ಚಲಾವಣಿ ನಾಣ್ಯನೂ ತೂಗಿ ನೋಡಿದ್ರು. ಮತ್ತ ನಾಣ್ಯದ ಹಿಂಬದಿ ಸಣ್ಣ ಸಣ್ಣ ಮುದ್ರಿ ಇರ್ತಾವಲ್ಲ, ಅವು ಹೆಚ್ಚಾದಂಗ ತೂಕ ಇಳಿದದ್ದನ್ನೂ ತೋರಿಸಿದ್ರು, ಅಂದ್ರ ಎರಡು ಬ್ಯಾರೆ ಬ್ಯಾರೆ ಸಾಕ್ಷಿ ಒಂದ ದಿಕ್ಕಿಗೆ ಕೈ ಮಾಡಿದವು. ಇದು ಬರೇ ಗಣಿತ ಗೊತ್ತಿದ್ದವ್ರ ಕೆಲಸ ಅಲ್ಲ, ಬರೇ ನಾಣ್ಯ ಗೊತ್ತಿದ್ದವ್ರ ಕೆಲಸನೂ ಅಲ್ಲ. ಅದ ಮನಷ್ಯಾ 1948ರಾಗ ಭರ್ತೃಹರಿಯ ಸುಭಾಷಿತಗಳನ್ನ ಹಸ್ತಪ್ರತಿ ತಾಳೆ ನೋಡಿ ಸಂಪಾದನಾ ಮಾಡಿದ್ರು. ಅದ ಮನಷ್ಯಾ 1944ರಾಗ ಜೀನ್‌ಗಳ ನಡುವಿನ ಅಂತರ ಅಳಿಯೋ ಸೂತ್ರ ಕೊಟ್ರು. ನಮ್ಮ ಕೃಷಿ ವಿಶ್ವವಿದ್ಯಾಲಯದಾಗ ಜೋಳ, ಕಡಲಿ ತಳಿ ಮ್ಯಾಪ್ ಮಾಡೋ ಹುಡುಗ್ರು ಇವತ್ತಿಗೂ ಸಾಫ್ಟ್‌ವೇರ್‌ನಾಗ ಕೊಸಾಂಬಿ ಅಂತ ಆಯ್ಕೆ ಒತ್ತತಾರ, ಅವ್ರ ಇತಿಹಾಸದ ಪುಸ್ತಕ ಬರದವ್ರು ಅಂತ ಬಹಳ ಮಂದಿಗೆ ಗೊತ್ತಿಲ್ಲ.

ಭಾಂಡಾರ್ಕರ್ ಸಂಸ್ಥೆಯ ಮಹಾಭಾರತ ಪರಿಷ್ಕರಣ ನೋಡ್ರಿ, 1259 ಹಸ್ತಪ್ರತಿ ಗಣನಾಕ್ಕ ತಗೊಂಡು 1966ರಾಗ ಮುಗಿಸಿದ ಕೆಲಸ. ಅದಕ್ಕ 1925ರಿಂದ ದಿಕ್ಕು ಕೊಟ್ಟ ಸುಕ್ಥಣಕರ್ ಕೇಂಬ್ರಿಜ್‌ನಾಗ ಓದಿದ್ದು ಗಣಿತ. ನಮ್ಮ ಇತಿಹಾಸಕಾರ ಶೆಟ್ಟರ್ ಸರ್ ಜೋಡಿ 1982ರಾಗ ವೀರಗಲ್ಲಿನ ದೊಡ್ಡ ಗ್ರಂಥ ತಂದ ಜರ್ಮನಿಯ ಸೊಂಥೈಮರ್ ಓದಿದ್ದು ಕಾಯ್ದೆ, ಆಮ್ಯಾಲೆ ಧನಗರ ಕುರಿಗಾರರ ಹಿಂದ ತಿರುಗಿ ಬೀರೋಬಾ, ಖಂಡೋಬಾ ಅಂದ್ರ ನಮ್ಮ ಬೀರಪ್ಪ, ಮೈಲಾರನ ಮ್ಯಾಲೆ ಬರದ್ರು.

ಇವ್ರೆಲ್ಲಾರೂ ಇನ್ನೊಂದು ಶಾಸ್ತ್ರದ ಮೈಮುರಿ ಕೆಲಸ ತಾವ ಮಾಡಿದ್ರು. ತೂಗಿದ್ರು, ಪಾಠಾಂತರ ಬರಕೊಂಡ್ರು, ಕುರಿ ಹಿಂದ ನಡದ್ರು. ನೀವೂ ಬ್ಯಾರೆಯವ್ರು ಟೈಪ್ ಮಾಡಿದ ಎಕ್ಸೆಲ್ ಮ್ಯಾಲೆ ಕೂಡಬ್ಯಾಡ್ರಿ, ಅಚ್ಚಾದ ಪಾಠ, ಪಡಿಯಚ್ಚು (ಕಲ್ಲಿನ ಮ್ಯಾಲೆ ಕಾಗದ ಒತ್ತಿ ತಗದ ಪ್ರತಿ) ಎರಡೂ ನೋಡ್ರಿ. ಎಷ್ಟೋ ಕಡೆ ವಾರದ ಅಕ್ಷರನ ಮುಕ್ಕಾಗಿರ್ತದ, ಸಂಪಾದಕರು ಲೆಕ್ಕ ಹಾಕಿ ತುಂಬಿರ್ತಾರ. ಅಂಥಾವನ್ನ ನೀವು ಸರಿಹೊಂದಿದವು ಅಂತ ಎಣಿಸಿದ್ರ ಇಡೀ ಲೆಕ್ಕನ ಕೆಡ್ತದ.

---

ಮಾಟುಂಗಾ_ಈಸ್ಟ್:

ಮೇಲಿನವರು ಹೇಳಿದ್ದು ಸರಿ ಉಂಟು. ನಾನು ರೂಲ್ಸಿನ ಬಗ್ಗೆ ಹೇಳ್ತೇನೆ, ಯಾಕಂದ್ರೆ ಮಕ್ಕಳು ಅಲ್ಲಿಯೇ ಸಿಕ್ಕಿಹಾಕಿಕೊಳ್ಳುವುದು. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಬೇರೆ ವಿಭಾಗದವರನ್ನೋ ಬೇರೆ ಸಂಸ್ಥೆಯವರನ್ನೋ ಸಹ ಮಾರ್ಗದರ್ಶಕರಾಗಿ ಇಟ್ಟುಕೊಳ್ಳಲಿಕ್ಕೆ ಅವಕಾಶ ಉಂಟು. ಹಾಗಾಗಿ ಸ್ಟ್ಯಾಟ್ ವಿಭಾಗದಲ್ಲಿ ರಿಜಿಸ್ಟರ್ ಆಗಿ ಪುರಾತತ್ವದ ಒಬ್ಬರನ್ನು ಜೊತೆಗೆ ಹಾಕಿಕೊಳ್ಳಿ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್ ಇರ್ತದೆ, ಅದರಲ್ಲಿ ಒಂದು ಪೇಪರ್ ಶಾಸನಶಾಸ್ತ್ರ ತೆಗೊಳ್ಳಲಿಕ್ಕೆ ಆಗ್ತದಾ ಅಂತ ಮೊದಲೇ ಕೇಳಿ. ಪುಣೆಯಲ್ಲಿ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ವ, ಭಾಷಾಶಾಸ್ತ್ರ, ಸಂಸ್ಕೃತ ನಿಘಂಟು ಮೂರೂ ಒಂದೇ ಕಂಪೌಂಡಿನಲ್ಲಿ ಉಂಟು ಮಾರಾಯ್ರೇ, ಅಲ್ಲಿಗೆ ಹೋಗದೆ ಬೇರೆ ಕಡೆ ಅಲೆಯಬೇಡಿ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸ್ತದೆ. ಹಾವೇರಿ ಕಡೆ ತುಂಗಭದ್ರೆಯ ದಂಡೆಯಲ್ಲಿ ಹಳ್ಳೂರು ಅಂತ ಜಾಗ, 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದ್ದು. ಅಲ್ಲಿಯ ಇದ್ದಿಲು ನಮ್ಮ ಮುಂಬೈಯ ಟಾಟಾ ಇನ್‌ಸ್ಟಿಟ್ಯೂಟ್‌ನ ಕಾರ್ಬನ್ ಲ್ಯಾಬಿಗೆ, ಅಂದ್ರೆ ಇದ್ದಿಲಿನ ಕಾಲ ಅಳೆಯುವಲ್ಲಿಗೆ, ಬಂತು. ಆ ಲ್ಯಾಬ್ ಆಮೇಲೆ ಅಹಮದಾಬಾದಿಗೆ ಹೋಯ್ತು, ಆದರೆ ಇವತ್ತಿಗೂ ಟಿಎಫ್ 570, ಟಿಎಫ್ 573 ಅಂತ ಆ ಲ್ಯಾಬಿನ ನಂಬರಿನಲ್ಲಿಯೇ ಆ ಕಾಲನಿರ್ಣಯ ಉಲ್ಲೇಖ ಆಗ್ತದೆ, ದಕ್ಷಿಣದಲ್ಲಿ ಕಬ್ಬಿಣ ಕ್ರಿಸ್ತಪೂರ್ವ 1000ದ ಆಸುಪಾಸಿಗೆ ಹೋದದ್ದು ಅದರಿಂದ. ಅದೇ ಹಳ್ಳೂರಿನ ಪ್ರಾಣಿ ಮೂಳೆ ನೋಡಿದವರು ಕೆ.ಆರ್. ಆಳೂರ, ಪಶುವೈದ್ಯರು. ಅವರು ಕುದುರೆ ಮೂಳೆ ಉಂಟು ಅಂದ್ರು, ಅಷ್ಟು ಹಿಂದೆ ಇಲ್ಲಿ ಕುದುರೆ ಇತ್ತಾ ಅಂತ ದೊಡ್ಡ ವಾದ ಎದ್ದಿತು, ಅವರು ತಮ್ಮ ಮಾತಿಗೆ ಗಟ್ಟಿ ನಿಂತರು. ಇದರಲ್ಲಿ ನೋಡಬೇಕಾದ್ದು ಏನಂದ್ರೆ, ಅಗೆದವರಿಗೆ ಮೂಳೆ ಗೊತ್ತಿಲ್ಲ, ಮೂಳೆ ನೋಡಿದವರ ಮಾತನ್ನು ಚರಿತ್ರೆಯವರು ತಮಗೆ ಬೇಕಾದ ಹಾಗೆ ಎಳೆದಾಡಿದ್ರು.

2009ರಲ್ಲಿ ಸಿಂಧೂ ಲಿಪಿಯ ಮೇಲೆ ಟಾಟಾ ಇನ್‌ಸ್ಟಿಟ್ಯೂಟ್‌ನವರೂ ಸೇರಿ ಸೈನ್ಸ್ ಪತ್ರಿಕೆಯಲ್ಲಿ ಎಂಟ್ರೊಪಿ ಲೆಕ್ಕದ (ಒಂದು ಚಿಹ್ನೆಯ ಮುಂದೆ ಯಾವುದು ಬರ್ತದೆ ಅನ್ನುವುದು ಎಷ್ಟು ಅನಿಶ್ಚಿತ ಅಂತ ಅಳೆಯುವ) ಪೇಪರ್ ತಂದಾಗಲೂ ಹೀಗೆಯೇ. ಚಿಹ್ನೆಗಳ ಕ್ರಮ ಭಾಷೆಯ ಹಾಗೆ ಕಾಣ್ತದೆ ಅಂತ ಅವರು, ಭಾಷೆ ಅಲ್ಲದ ಚಿಹ್ನೆಗಳೂ ಹಾಗೆಯೇ ಕಾಣಬಹುದು ಅಂತ ರಿಚರ್ಡ್ ಸ್ಪ್ರೋಟ್ ಮುಂತಾದವರು. ಗಣಿತದಲ್ಲಿ ತಪ್ಪು ಉಂಟು ಅಂತ ಅಲ್ಲ, ಯಾವುದಕ್ಕೆ ಹೋಲಿಸಿ ನೋಡಿದ್ರಿ ಅನ್ನುವುದೇ ಜಗಳ. ನಿಮಗೂ ಅದೇ ಪ್ರಶ್ನೆ ಬರ್ತದೆ, ತಪ್ಪು ಇಷ್ಟು ಉಂಟು ಅಂದ್ರೆ ಯಾವುದಕ್ಕಿಂತ ಹೆಚ್ಚು ಅಂತ ಕೇಳ್ತಾರೆ. ಉತ್ತರ ಈಗಲೇ ಯೋಚಿಸಿ ಇಟ್ಟುಕೊಳ್ಳಿ.

---

ದೋನಾಪಾವ್ಲಾ_ಕಡಲು:

ಗೋವಾದಿಂದ. ನನ್ನ ಕೆಲಸ ಸಮುದ್ರದ ಡೇಟಾ, ಆದ್ರೆ ಈ ಪ್ರಶ್ನೆ ಓದಿ ಸುಮ್ನೆ ಇರೋಕೆ ಆಗ್ಲಿಲ್ಲ. ನಮ್ಮ ಕಡೆ ಇದು ಅಪರೂಪ ಅಲ್ಲ, ಲೋಥಲ್ ಅಗೆದ ಕನ್ನಡಿಗರು ಎಸ್.ಆರ್. ರಾವ್ ಇಲ್ಲಿ ಸಮುದ್ರ ವಿಜ್ಞಾನ ಸಂಸ್ಥೆಗೆ ಬಂದು ನೀರೊಳಗಿನ ಪುರಾತತ್ವ ಶುರು ಮಾಡಿದ್ರು.

ಚಿಂಚವಾಡದವರೇ, ನಿಮ್ಮ ಸ್ಟ್ಯಾಟಿಸ್ಟಿಕ್ಸ್ ಎಲ್ಲಿ ಕೆಲಸಕ್ಕೆ ಬರುತ್ತೆ ಅಂತ ನೋಡಿ. ಸುಮ್ನೆ ಕಣ್ಮುಚ್ಚಿ ವಾರ ಬರೆದ್ರೂ 7ಕ್ಕೆ 1 ಸಲ ಹೊಂದುತ್ತೆ. ಈಗ ಸಂಪಾದಕರು ಶಕವರ್ಷ ಗತವೋ (ಮುಗಿದ ವರ್ಷದ ಎಣಿಕೆ) ವರ್ತಮಾನವೋ (ನಡೀತಿರೋ ವರ್ಷದ ಎಣಿಕೆ) ಅಂತ ಎರಡೂ ಹಾಕಿ ನೋಡ್ತಾರೆ, ಅದರಲ್ಲೂ ತಿಥಿ ಹಿಂದಿನ ದಿನ ಶುರುವಾಗಿತ್ತಾ ಅಂತ ಇನ್ನೆರಡು ಸಾಧ್ಯತೆ. ನಾಲ್ಕು ಪ್ರಯತ್ನ ಬಿಡಿಬಿಡಿ ಅಂತ ಇಟ್ಕೊಂಡ್ರೆ ಬರೀ ಆಕಸ್ಮಿಕವಾಗಿ ಹೊಂದೋ ಸಂಭವ 100ಕ್ಕೆ 46ರ ಹತ್ತಿರ ಹೋಗುತ್ತೆ! ಅಂದ್ರೆ ಹೊಂದಿದವು ಅಂತ ಪಟ್ಟಿ ಮಾಡಿರೋದ್ರಲ್ಲೂ ಎಷ್ಟು ನಿಜವಾಗಿ ಹೊಂದಿದವು ಅನ್ನೋದೇ ತೆರೆದ ಪ್ರಶ್ನೆ. ಥಿಯರಿ ಎಲ್ಲಿದೆ ಅಂದವರ ಮುಂದೆ ಇದನ್ನ ಇಡಿ, ಇದೇ ಥಿಯರಿ.

ಗ್ರಹಣದ್ದು ಇನ್ನೂ ಚೆನ್ನಾಗಿದೆ. ಭೂಮಿ ಮೇಲೆ ಎಲ್ಲೋ ಒಂದು ಕಡೆ ವರ್ಷಕ್ಕೆ ಕನಿಷ್ಠ 2 ಸೂರ್ಯಗ್ರಹಣ ಆಗೇ ಆಗುತ್ತೆ, ಆದ್ದರಿಂದ ಆ ವರ್ಷ ಗ್ರಹಣ ಇತ್ತು ಅಂದ್ರೆ ಏನೂ ಸಾಬೀತಾಗಲ್ಲ, ಆ ಊರಲ್ಲಿ ಕಂಡಿತಾ ಅನ್ನೋದು ಮುಖ್ಯ. ಅದಕ್ಕೆ ಭೂಮಿ ತಿರುಗೋ ವೇಗದ ಇತಿಹಾಸ ಬೇಕು. ಉಬ್ಬರವಿಳಿತದ ಘರ್ಷಣೆಯಿಂದ ದಿನ ನಿಧಾನಕ್ಕೆ ಉದ್ದ ಆಗ್ತಿದೆ, ಬಾಬಿಲೋನಿಯಾ, ಚೀನಾ, ಅರಬ್ ದಾಖಲೆಗಳ ಗ್ರಹಣ ಇಟ್ಕೊಂಡು ಸ್ಟೀಫನ್‌ಸನ್ ಮತ್ತು ಜೊತೆಗಾರರು 2016ರಲ್ಲಿ ಶತಮಾನಕ್ಕೆ ಸುಮಾರು 1.8 ಮಿಲಿಸೆಕೆಂಡ್ ಅಂತ ಲೆಕ್ಕ ಕೊಟ್ರು. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಅದು ದಿನದಿನಕ್ಕೂ ಕೂಡ್ತಾ ಹೋಗಿ ಸಾವಿರ ವರ್ಷದ ಹಿಂದಿನ ಗ್ರಹಣಕ್ಕೆ 26 ನಿಮಿಷದಷ್ಟು ವ್ಯತ್ಯಾಸ ಆಗುತ್ತೆ, ನೆಲದ ಮೇಲೆ ಅದು ಸುಮಾರು 700 ಕಿಲೋಮೀಟರ್ ಪೂರ್ವ ಪಶ್ಚಿಮ ಸರಿಯುತ್ತೆ, ಪುಣೆಯಿಂದ ಹೈದರಾಬಾದ್ ದಾಟಿ ಆಚೆಗೆ.

ಬೆಂಗಳೂರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಗೀತಾ ಕೈದಾಳ ಶಾಸನಗಳಲ್ಲಿನ ಗ್ರಹಣ, ಗ್ರಹಯುತಿ (ಗ್ರಹಗಳು ಹತ್ತಿರ ಬಂದು ಕಾಣೋದು) ಹುಡುಕಿ ಕೆಲಸ ಮಾಡಿದ್ದಾರೆ, ಮೊದಲು ಅದನ್ನ ಓದಿ. ಒಂದು ಎಚ್ಚರ ಇರಲಿ, ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚು, ಹಾಗಾಗಿ ಕಂಡು ಬರೆದದ್ದೋ, ಪಂಚಾಂಗ ನೋಡಿ ಬರೆದದ್ದೋ, ಪುಣ್ಯಕ್ಕಾಗಿ ಸೇರಿಸಿದ್ದೋ ಮೂರೂ ಬೇರೆ ಬೇರೆ. ಖಗೋಳದವರು ಇದನ್ನ ಬರೀ ವೀಕ್ಷಣೆ ಅಂತ ತಗೊಂಡ್ರೆ ಶಾಸನದವರು ಒಪ್ಪಲ್ಲ, ಒಪ್ಪಲೂಬಾರದು.

---

ಚಿಂಚವಾಡ_ಕನ್ನಡತಿ:

46 ಅನ್ನೋದನ್ನ ನಾನೇ ಸಿಮ್ಯುಲೇಶನ್ ಹಾಕಿ ನೋಡ್ತಾ ಕೂತಿದೀನಿ, ಇಷ್ಟು ದೊಡ್ಡದಾಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಯಾವುದಕ್ಕೆ ಹೋಲಿಸ್ತೀರಿ ಅನ್ನೋದಕ್ಕೆ ನನ್ನ ಯೋಚನೆ, ಒಂದೇ ಸೀಮೆಯ ಒಂದೇ ಕಾಲದ ಗ್ರಹಣ ಇರೋ ಶಾಸನ ಒಂದು ಗುಂಪು, ಗ್ರಹಣ ಇಲ್ಲದ ಸಾಮಾನ್ಯ ತಿಥಿಯವು ಇನ್ನೊಂದು ಗುಂಪು. ಪುಣ್ಯಕ್ಕಾಗಿ ಸೇರಿಸಿದ್ದೇ ಆದ್ರೆ ಮೊದಲ ಗುಂಪಿನಲ್ಲಿ ವಾರ ತಪ್ಪೋದು ಜಾಸ್ತಿ ಇರಬೇಕು. ಸರಿನಾ? ಮತ್ತೆ ಯಾವ ಸಂಪುಟದಿಂದ ಶುರು ಮಾಡ್ಲಿ?

---

ಧಾರವಾಡದಾಂವ_ಕೋಥ್ರೂಡ್:

ಇದು ಗಟ್ಟಿ ಪ್ರಶ್ನೆ ಆತು ನೋಡ್ರಿ, ಇದನ್ನ ಒಂದು ಪುಟದಾಗ ಬರದು ಗೈಡ್ ಮುಂದ ಇಡ್ರಿ, ಅಂತರಶಾಸ್ತ್ರೀಯ ಅನ್ನೋ ಶಬ್ದನ ಹಾಕಬ್ಯಾಡ್ರಿ. ದಕ್ಷಿಣ ಭಾರತದ ಶಾಸನ ಸಂಪುಟಗಳಾಗ 11, 15, 18, 20 ಮುಂಬೈ ಕರ್ನಾಟಕದವು, ಅವೆಲ್ಲ ಅಚ್ಚಾಗ್ಯಾವ. 11ರಿಂದ ಹಿಡೀರಿ. ಒಂದು ಮಾತ್ರ ಬ್ಯಾರೆ ಇಡ್ರಿ, ಆರನೇ ವಿಕ್ರಮಾದಿತ್ಯ 1076ರಿಂದ ಶಕ ಬಿಟ್ಟು ತನ್ನ ಚಾಲುಕ್ಯ ವಿಕ್ರಮ ವರ್ಷ ನಡಿಸಿದ, ಅಲ್ಲಿ ವರ್ಷದ ಎಣಿಕಿ ಮತ್ತ ಸಂವತ್ಸರ ಒಂದಕ್ಕೊಂದು ಹೊಂದದ ಜಾಗ ಅದಾವ. ಅವನ್ನ ಶಕವರ್ಷದವುಗಳ ಜೋಡಿ ಕಲಸಿದ್ರ ನಿಮ್ಮ ನಾಲ್ಕು ಪ್ರಯತ್ನ ಇನ್ನೂ ಹೆಚ್ಚಾಗ್ತಾವ. ಮೊದಲ ಶಕವರ್ಷ ಇರೋವಷ್ಟ ತಗದು ಪಟ್ಟಿ ಮಾಡಿ ಇಲ್ಲೇ ಹಾಕ್ರಿ, ಮುಕ್ಕಾದ ಅಕ್ಷರ ಎಲ್ಲಿ ಅದಾವ ಅಂತ ನಾನೂ ಕೂತು ತಾಳೆ ನೋಡ್ತೀನಿ.