ಡಬ್ಬಿಯಲ್ಲಿ ಪೇರಿಸಿದ ಚಿಪ್ಸ್: ಹಪ್ಪಳ ಅನ್ನಬಹುದಾ?

ಬಲ್ಲವರಲ್ಲಿ ಒಂದು ಸಂದೇಹ.

ಮುಂಬಯಿಯಲ್ಲಿ ಆಲೂಗೆಡ್ಡೆ ಚಿಪ್ಸ್‌ಗೆ ವೇಫರ್ ಅಂತಾರೆ. ಇಲ್ಲಿನ ಎಷ್ಟೋ ಕನ್ನಡಿಗರ ಬಾಯಲ್ಲೂ ಅದು 'ಬಟಾಟೆ ವೇಫರ್'. ಬೆಂಗಳೂರಿನವರಿಗೆ ವೇಫರ್ ಅಂದ್ರೆ ಕ್ರೀಮ್ ಬಿಸ್ಕತ್ತು. ಅದಿರಲಿ, ನನ್ನ ಪ್ರಶ್ನೆ ಪ್ರಿಂಗಲ್ಸ್‌ನದು. ಉದ್ದನೆಯ ಡಬ್ಬಿಯಲ್ಲಿ ಒಂದರ ಮೇಲೊಂದು ಕೂತಿರುತ್ತಲ್ಲ, ಅದಕ್ಕೆ ಏನನ್ನೋಣ?

ದಾದರ್, ಮಾಟುಂಗ ಕಡೆ ಅಂಗಡಿಯಲ್ಲಿ ಸಿಗುವ ವೇಫರ್ ನೋಡಿ. ಆಲೂವನ್ನೇ ತೆಳ್ಳಗೆ ಹೆಚ್ಚಿ ಕರಿದದ್ದು. ಒಂದರ ಅಂಚು ಮುದುಡಿರುತ್ತದೆ, ಇನ್ನೊಂದರಲ್ಲಿ ಗುಳ್ಳೆ ಎದ್ದಿರುತ್ತದೆ. ಪ್ರಿಂಗಲ್ಸ್ ಹಾಗಲ್ಲ. ಒಣಗಿಸಿದ ಆಲೂ ಪುಡಿಗೆ ಬೇರೆ ಹಿಟ್ಟು, ಪಿಷ್ಟ ಸೇರಿಸಿ ಕಲಸುತ್ತಾರೆ. ಆಮೇಲೆ ಹಾಳೆಯ ಹಾಗೆ ಲಟ್ಟಿಸಿ, ಕತ್ತರಿಸಿ, ಬಾಗಿದ ಅಚ್ಚಿನಲ್ಲಿಟ್ಟು ಕರಿಯುತ್ತಾರೆ. ಎಲ್ಲವೂ ಕುದುರೆ ಜೀನಿನ ಆಕಾರ. ಅದಕ್ಕೇ ಅಷ್ಟು ಚೆನ್ನಾಗಿ ಪೇರಿಸಲು ಬರುತ್ತದೆ. ಆ ಆಕಾರ, ಆ ಡಬ್ಬಿ ಎರಡೂ ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನ ಫ್ರೆಡ್ರಿಕ್ ಬಾವರ್ ಅವರ ಕೆಲಸ. ಮಾರಾಟ ಶುರುವಾದದ್ದು 1968ರಲ್ಲಿ. 2003ರಲ್ಲಿ ಲೇಸ್‌ನವರೂ ಸ್ಟ್ಯಾಕ್ಸ್ ಅಂತ ಇಂಥದೇ ಒಂದು ತಂದರು.

ಹೆಸರಿನ ಜಗಳ ಅಮೆರಿಕದಲ್ಲೇ ಶುರು. ಇದು ಚಿಪ್ಸೇ ಅಲ್ಲ ಅಂತ ಬೇರೆ ಚಿಪ್ಸ್ ಕಂಪನಿಗಳು ತಕರಾರು ತೆಗೆದವು. ಚಿಪ್ಸ್ ಅನ್ನುವುದಾದರೆ 'ಒಣಗಿಸಿದ ಆಲೂವಿನಿಂದ ಮಾಡಿದ್ದು' ಅಂತಲೂ ಬರೆಯಿರಿ ಎಂದು 1975ರಲ್ಲಿ ಅಲ್ಲಿನ ಸರ್ಕಾರ ಹೇಳಿತು. ಕಂಪನಿ ಕೊನೆಗೆ 'ಕ್ರಿಸ್ಪ್ಸ್' ಅಂತ ಬದಲಿಸಿಕೊಂಡಿತು. ತಮಾಷೆ ನೋಡಿ, ಬ್ರಿಟನ್ನಿನಲ್ಲಿ ಕ್ರಿಸ್ಪ್ಸ್ ಮೇಲೆ ತೆರಿಗೆ ಇದೆ. ಅಲ್ಲಿ ಅದೇ ಕಂಪನಿ, ನಮ್ಮದರಲ್ಲಿ ಆಲೂ ಅರ್ಧದಷ್ಟೂ ಇಲ್ಲ, ಇದು ಕ್ರಿಸ್ಪ್ಸ್ ಅಲ್ಲ ಅಂತ ವಾದಿಸಿತು! 2009ರಲ್ಲಿ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ.

ಕಲಸಿ ಲಟ್ಟಿಸುವ ಕ್ರಮ ನೋಡಿದರೆ ನಮ್ಮ ಹಪ್ಪಳವೇ ಹತ್ತಿರ. ಬಿಸಿಲಿಗೆ ಒಣಹಾಕುವುದಿಲ್ಲ, ಅಷ್ಟೇ. ಆದರೆ 'ಬಟಾಟೆ ಹಪ್ಪಳ' ಅನ್ನುವ ಹಾಗಿಲ್ಲ. ಬೇಯಿಸಿದ ಆಲೂ ನಾದಿ, ಒತ್ತಿ, ಒಣಗಿಸಿದ ಬೇರೆಯೇ ಹಪ್ಪಳಕ್ಕೆ ಆ ಹೆಸರು ಆಗಲೇ ಇದೆ. ಅದೂ ಅಲ್ಲದೆ ಇಲ್ಲಿ ಏಕಾದಶಿ ಉಪವಾಸಕ್ಕೆ ಬಟಾಟೆ ಹಪ್ಪಳ, ವೇಫರ್ ಎರಡೂ ನಡೆಯುತ್ತವೆ. ಡಬ್ಬಿಯದರಲ್ಲಿ ಅಕ್ಕಿಯೋ ಗೋಧಿಯೋ ಸೇರಿದ್ದರೆ ನಡೆಯಲ್ಲ. ಹೆಸರು ನೋಡಿ ತಿಂದವರ ಉಪವಾಸ ಕೆಟ್ಟ ಹಾಗೆಯೇ, ಅಲ್ವಾ? ಉಪ್ಪೇರಿಯೂ ಹೊಂದುವುದಿಲ್ಲ. ಅದು ಬಾಳೆಕಾಯಿ, ಹಲಸಿನ ಸೊಳೆ ಹೆಚ್ಚಿ ಕರಿದದ್ದು.

ಸದ್ಯಕ್ಕೆ ನನಗೆ 'ಹಿಟ್ಟಿನ ಚಿಪ್ಸ್' ವಾಸಿ ಅನ್ನಿಸಿದೆ. 'ಪೇರಿಕೆ ಚಿಪ್ಸ್' ಅಂತಲೂ ಒಬ್ಬರು ಸೂಚಿಸಿದರು. ಕೇಳಲು ಚೆಂದ, ಆದರೆ ಒಳಗೇನಿದೆ ಅಂತ ಅದು ಹೇಳುವುದಿಲ್ಲ. ಧಾರವಾಡ, ಬೆಳಗಾವಿ ಕಡೆ ಕಲಸಿದ ಹಿಟ್ಟನ್ನು ಒಣಗಿಸದೆ ತೆಳ್ಳಗೆ ಲಟ್ಟಿಸಿ ಕರಿದ ತಿಂಡಿಗೆ ಬೇರೆ ಹೆಸರೇನಾದರೂ ಇದೆಯಾ?