ಬೋಟಿನ ಬ್ರಾಕೆಟ್ ವಿಷಯ: ದಯವಿಟ್ಟು ಇಲ್ಲಿ ಬೇರೆ ಮೆಸೇಜ್ ಹಾಕಬೇಡಿ

ಮನೆ 14, ರಾತ್ರಿ 11:52
ಯಾರಾದರೂ ಎಚ್ಚರ ಇದ್ದೀರಾ? ಇಲ್ಲದಿದ್ದರೆ ಬೆಳಗ್ಗೆ ಎದ್ದು ಓದಿ. ಈಗಷ್ಟೇ ಮನೆಗೆ ಬಂದೆ, ಸೊಂಟದವರೆಗೆ ಒದ್ದೆ. ದಕ್ಕೆ ಹತ್ತಿರ ಬರುವಾಗ ರಿವರ್ಸ್ ಹಾಕಿದೆ. ಟಕ್ ಅಂತ ಸದ್ದು. ಎಂಜಿನ್ ಎಡಕ್ಕೆ ವಾಲಿತು. ಟಾರ್ಚ್ ಬಿಟ್ಟು ನೋಡಿದರೆ, ಎಂಜಿನ್ನನ್ನು ಬೋಟಿನ ಹಿಂಬದಿಗೆ ಹಿಡಿದಿಡುವ ಬ್ರಾಕೆಟ್ಟಿನ ಎಡಗಿವಿ ಬೋಲ್ಟಿನ ಸುತ್ತ ಸೀಳಿ ಹೋಗಿದೆ. ನಾನು ಎಂಜಿನ್ ತಬ್ಬಿಕೊಂಡು ಕೂತೆ, ಎಪ್ಪತ್ತು ದಾಟಿದ ಅಮ್ಮ ಹುಟ್ಟು ಹಾಕಿದರು.

ಬಣ್ಣ ಉಬ್ಬಿದೆ, ಒಳಗಿಂದ ಬಿಳಿ ಪುಡಿ ಬರ್ತಿದೆ ಅಂತ ಮಳೆಗಾಲಕ್ಕೆ ಮುಂಚೆಯೇ ಹೇಳಿದ್ದೆ. ‘ನೋಡೋಣ’ ಅಂದಿರಿ. ನೋಡಿದಿರಾ?

ಮನೆ 14, ರಾತ್ರಿ 11:54
ಫೋಟೊ ಹಾಕಿದ್ದೇನೆ. ದೊಡ್ಡದು ಮಾಡಿ ನೋಡಿ, ನಿದ್ದೆ ಬರಲ್ಲ.

ಮನೆ 3, ಬೆಳಗ್ಗೆ 6:04
ಮೊದಲು ಲೆಕ್ಕ ಕೊಡಿ. ಬೋಟಿಗೆ ಅಂತ ಪ್ರತಿ ಮನೆಯಿಂದ ದುಡ್ಡು ತಗೊಂಡಿದ್ದು ಎಲ್ಲಿ ಹೋಯಿತು?

ಮನೆ 3, ಬೆಳಗ್ಗೆ 6:05
ಇದು ಕೇಳಬೇಕಾದ ಪ್ರಶ್ನೆ.

ಮನೆ 3, ಬೆಳಗ್ಗೆ 6:05
ಯಾರೂ ಉತ್ತರ ಕೊಡಲ್ಲ ಅಂತ ಗೊತ್ತು.

ಮನೆ 22, ಬೆಳಗ್ಗೆ 6:30
🌹 ಶುಭೋದಯ. ಮನಸ್ಸು ತಿಳಿಯಾಗಿದ್ದರೆ ಬದುಕು ಹಗುರ. ಹತ್ತು ಜನಕ್ಕೆ ಕಳಿಸಿ 🌹

ಖಜಾಂಚಿ (ಮನೆ 11), ಬೆಳಗ್ಗೆ 7:10
ಲೆಕ್ಕ ಮೂರು ಸಲ ಹಾಕಿದ್ದೇನೆ. ಮೇಲೆ ಹೋಗಿ ಹುಡುಕಿ. ಬೋಲ್ಟು ಬದಲಾಯಿಸಿದ್ದು, ಬಣ್ಣ ಹೊಡೆಸಿದ್ದು ಎಲ್ಲ ಅದರಲ್ಲೇ ಇದೆ.

ಮನೆ 17, ಬೆಳಗ್ಗೆ 7:22
ವೆಲ್ಡಿಂಗ್ ಮಾಡಿಸಿದರೆ ಆಗಲ್ವಾ? ಒಂದು ಗಂಟೆ ಕೆಲಸ. ಸುಮ್ನೆ ಹೊಸದು ಯಾಕೆ?

ಮನೆ 22, ಬೆಳಗ್ಗೆ 7:25
ಕೋಲಾ ಸುರಿದು ರಾತ್ರಿ ಬಿಟ್ಟರೆ ತುಕ್ಕು ಮಾಯ!! ವಿಡಿಯೊ ನೋಡಿ. (ಬಂದದ್ದನ್ನು ಹಾಗೇ ಕಳಿಸಿದ್ದೇನೆ.)

ಮನೆ 9, ಬೆಳಗ್ಗೆ 8:40
ಆ ವಿಡಿಯೊ ಕಬ್ಬಿಣಕ್ಕೆ. ನಮ್ಮದು ಅಲ್ಯೂಮಿನಿಯಂ, ಇದಕ್ಕೆ ಕೆಂಪು ತುಕ್ಕು ಬರಲ್ಲ. ಫೋಟೊದಲ್ಲಿ ನೋಡಿ, ಬೋಲ್ಟಿನ ತಲೆ ಹೊಸ ಚಮಚದ ಹಾಗೆ ಹೊಳೀತಿದೆ. ಅದರ ಸುತ್ತಲಿನ ಬ್ರಾಕೆಟ್ ಒದ್ದೆ ಸುಣ್ಣದ ಹಾಗೆ ಉದುರ್ತಿದೆ. ಸ್ಟೇನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂ ಎರಡೂ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಲ್ಲಿ ನಿಂತರೆ ಬ್ಯಾಟರಿ ಇದ್ದ ಹಾಗೆ. ಸವೆಯುವುದು ಅಲ್ಯೂಮಿನಿಯಂ.

ವೆಲ್ಡಿಂಗ್ ಬೇಡ. ಅದು ಎರಕದ ಭಾಗ, ಉಪ್ಪು ಒಳಗೆ ಇಳಿದಿದೆ. ಬೆಸುಗೆಯ ತುಂಬ ಗುಳ್ಳೆ ಏಳುತ್ತೆ, ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತೆ. ಎಂಜಿನ್ನಿನ ತೂಕ ಮಾತ್ರ ಅಲ್ಲ, ಬೋಟು ತಳ್ಳುವ ಬಲ ಪೂರ್ತಿ ಆ ಎರಡು ಕಿವಿಗಳ ಮೇಲೆ ಬೀಳುತ್ತೆ. ಎಡಗಡೆಯದು ಹೋಗಿದ್ದರೆ ಬಲಗಡೆಯದೂ ಅದೇ ವಯಸ್ಸಿನದು. ಜೋಡಿಯಾಗಿ ಬದಲಾಯಿಸಬೇಕು.

ಮನೆ 3, ಬೆಳಗ್ಗೆ 8:43
ಹಾಗಾದರೆ ಸ್ಟೇನ್‌ಲೆಸ್ ಬೋಲ್ಟು ಹಾಕಿಸಿದವರೇ ಕಾರಣ. ಖಜಾಂಚಿಗಳೇ?

ಖಜಾಂಚಿ (ಮನೆ 11), ಬೆಳಗ್ಗೆ 8:44
‘ಅಗ್ಗದ ಬೋಲ್ಟು ಬೇಡ, ಸ್ಟೇನ್‌ಲೆಸ್ಸೇ ಬೇಕು’ ಅಂತ ಸಭೆಯಲ್ಲಿ ಎದ್ದು ನಿಂತು ಹೇಳಿದವರು ಯಾರು?

ಮನೆ 9, ಬೆಳಗ್ಗೆ 8:58
ಬೋಲ್ಟು ಸರಿಯಾದದ್ದೇ. ಬರಿದೇ ಹಾಕಿದ್ದು ತಪ್ಪು. ನೈಲಾನ್ ವಾಷರ್, ಎರಡು ಲೋಹ ತಾಗದ ಹಾಗೆ ಬೋಲ್ಟಿನ ಮೈಗೆಲ್ಲ ತಡೆ ಪೇಸ್ಟು, ತೂತಿಗೆ ಬೋಟಿನ ಸೀಲಂಟ್ ಇರಬೇಕಿತ್ತು. ಸೀಲಂಟ್ ಇಲ್ಲದಿದ್ದರೆ ನೀರು ಹಿಂಬದಿಯ ಹಲಗೆಗೂ ಇಳಿಯುತ್ತೆ. ಹೊಸ ಬ್ರಾಕೆಟ್ ತರುವ ಮೊದಲು ಆ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ. ದಪ್ ಅಂದರೆ ಒಳಗಿನ ಪ್ಲೈವುಡ್ ಕೊಳೆತಿದೆ. ಆಗ ಹೊಸ ಬ್ರಾಕೆಟ್ ಹಾಕಿಯೂ ಪ್ರಯೋಜನ ಇಲ್ಲ.

ಮನೆ 17, ಬೆಳಗ್ಗೆ 9:02
ಎಂಜಿನ್ ನೀರಿಗೆ ಬಿದ್ದರೆ ಒಂದು ಅನುಕೂಲ. ಲಂಗರು ಬೇರೆ ತರಬೇಕಾಗಿಲ್ಲ 😄

ಮನೆ 14, ಬೆಳಗ್ಗೆ 9:03
ಅಮ್ಮನ ಎದುರು ಈ ಮಾತು ಹೇಳಿ ನೋಡಿ.

ಮನೆ 6, ಬೆಳಗ್ಗೆ 9:31
ಒಂದು ಸಣ್ಣ ಪ್ರಶ್ನೆ. ಫೋಟೊದಲ್ಲಿ ಬ್ರಾಕೆಟ್ಟಿನ ತಳದಲ್ಲಿ ನೀಲಿ ಬಣ್ಣ ಬಳಿದ ತುಂಡು ಇದೆಯಲ್ಲ, ಅದು ಏನು?

ಮನೆ 9, ಬೆಳಗ್ಗೆ 9:40
ಅಯ್ಯೋ. ಅದು ಆನೋಡ್. ಬ್ರಾಕೆಟ್ ಉಳಿಯಲಿ ಅಂತ ತಾನು ಸವೆಯುವ ತುಂಡು ಅದು. ಅದಕ್ಕೆ ಬಣ್ಣ ಬಳಿದರೆ ಇದ್ದೂ ಇಲ್ಲದ ಹಾಗೆ. ಅರ್ಧ ಸವೆದಾಗ ಬದಲಾಯಿಸಬೇಕು ಅನ್ನೋದು ಲೆಕ್ಕ. ನಮ್ಮದು ಒಂದಿಷ್ಟೂ ಸವೆದಿಲ್ಲ, ಅಂಚು ಕೂಡ ಹಾಗೇ ಇದೆ. ಅಂದರೆ ಕೆಲಸವೇ ಮಾಡಿಲ್ಲ. ಆ ನೀಲಿ ಬಣ್ಣ ಬೋಟಿನ ತಳಕ್ಕೆ ಹೊಡೆಯುವ, ತಾಮ್ರ ಬೆರೆತ ಬಣ್ಣವೇ ಆಗಿದ್ದರೆ ಇನ್ನೂ ಕೆಟ್ಟದ್ದು. ತಾಮ್ರ ಅಲ್ಯೂಮಿನಿಯಂ ಹತ್ತಿರ ಬರಲೇಬಾರದು.

ಮನೆ 6, ಬೆಳಗ್ಗೆ 9:41
ನೀಲಿ ಬಣ್ಣ ಹೊಡೆದವರು ಯಾರು?

ಖಜಾಂಚಿ (ಮನೆ 11), ಬೆಳಗ್ಗೆ 9:41
🙂

ಮನೆ 14, ಬೆಳಗ್ಗೆ 9:42
🙂

ಮನೆ 3, ಬೆಳಗ್ಗೆ 10:15
ಹೌದು, ನಾನೇ ಹೊಡೆದೆ. ಯಾರೂ ಮುಂದೆ ಬರಲಿಲ್ಲ, ಒಬ್ಬನೇ ಹೊಡೆದೆ, ಸಂಬಳ ಇಲ್ಲದೆ. ಆಫೀಸಿಂದ ಬಂದು ಕತ್ತಲಲ್ಲಿ ಕೂತು ಹೊಡೆದೆ. ದಕ್ಕೆಯಲ್ಲಿ ಒಂದು ದೀಪ ಇದ್ದಿದ್ದರೆ ಯಾವುದು ಬ್ರಾಕೆಟ್, ಯಾವುದು ಆನೋಡ್ ಅಂತ ಕಾಣಿಸ್ತಿತ್ತು.

ಮನೆ 3, ಬೆಳಗ್ಗೆ 10:16
ದೀಪದ ಬಗ್ಗೆ ಎಷ್ಟು ಸಲ ಬರೆದಿದ್ದೇನೆ? ಅದೇ ಇಲ್ಲಿ ಮೂಲ ಸಮಸ್ಯೆ.

ಮನೆ 17, ಬೆಳಗ್ಗೆ 10:20
ದೀಪದ ವಿಷಯದಲ್ಲಿ ಅವರು ಹೇಳೋದು ನಿಜ. ನಾನೂ ಮೊನ್ನೆ ಮೆಟ್ಟಿಲಲ್ಲಿ ಜಾರಿದೆ.

ಮನೆ 9, ಬೆಳಗ್ಗೆ 10:24
ದೀಪ ಆಮೇಲೆ. ಈ ಭಾನುವಾರ ಎಂಜಿನ್ ಇಳಿಸೋಣ. ನಾಲ್ಕು ಜನ ಬೇಕು. ಎಂಜಿನ್ ಓರೆ ಮಾಡುವ ಕೊಳವೆ ಬಿಗಿಯಾಗಿ ಹಿಡಿದುಕೊಂಡಿರುತ್ತೆ, ಸುತ್ತಿಗೆ ಎತ್ತಬೇಡಿ. ಇವತ್ತಿಂದಲೇ ದಿನಾ ಸಡಿಲಿಸುವ ಎಣ್ಣೆ ಬಿಡ್ತಾ ಬಂದರೆ ಬರುತ್ತೆ. ಎಂಜಿನ್ನಿನ ಮಾದರಿ ಸಂಖ್ಯೆ ಬ್ರಾಕೆಟ್ಟಿನ ಮೇಲಿನ ತಗಡಲ್ಲಿ ಇದೆ, ಅದರ ಫೋಟೊ ಯಾರಾದರೂ ಕಳಿಸಿ. ಅಲ್ಲಿಯವರೆಗೆ ಬೋಟು ತೆಗೆಯಬೇಡಿ. ಹೊಸದು ಹಾಕಿದ ಮೇಲೂ ಎಂಜಿನ್ನಿಗೆ ಒಂದು ಸರಪಳಿ ಕಟ್ಟಿ ಬೋಟಿನ ಒಳಗಿನ ಕೊಂಡಿಗೆ ಹಾಕಬೇಕು.

ಮನೆ 6, ಬೆಳಗ್ಗೆ 10:30
ದೀಪ ಬಿಳಿಯದಾ, ಹಳದಿಯದಾ? ಬಿಳಿ ಆದರೆ ಬೆಳಕು ನೇರ ನಮ್ಮ ಮಲಗುವ ಕೋಣೆಗೆ ಬೀಳುತ್ತೆ. ನನ್ನ ಆಕ್ಷೇಪಣೆ ಇದೆ.

ಮನೆ 22, ಬೆಳಗ್ಗೆ 10:31
ಹಳದಿಗೆ ಹುಳ ಕಡಿಮೆ ಬರ್ತವೆ.

ಮನೆ 3, ಬೆಳಗ್ಗೆ 10:33
ಕಂಬದ ಜವಾಬ್ದಾರಿ ನನ್ನದು. ಭಾನುವಾರ ಎಲ್ಲರೂ ದಕ್ಕೆಗೆ ಬನ್ನಿ, ಜಾಗ ಗುರುತು ಮಾಡೋಣ.

ಕಾರ್ಯದರ್ಶಿ (ಮನೆ 1), ಬೆಳಗ್ಗೆ 11:00
ಒಳ್ಳೆಯ ಚರ್ಚೆ. ‘ದಕ್ಕೆ ದೀಪ’ ಅಂತ ಹೊಸ ಗುಂಪು ಮಾಡಿದ್ದೇನೆ. ದೀಪಕ್ಕೆ ಸಂಬಂಧಿಸಿದ್ದು ಅಲ್ಲಿ ಹಾಕಿ.

ಮನೆ 9, ಶನಿವಾರ ಸಂಜೆ 5:12
ಎಣ್ಣೆ ಯಾರು ಬಿಡ್ತಿದ್ದೀರಿ? ತಗಡಿನ ಫೋಟೊ ಇನ್ನೂ ಬಂದಿಲ್ಲ.

ಮನೆ 14, ಶನಿವಾರ ಸಂಜೆ 5:40
ಎಣ್ಣೆ ಬಿಡಲು ಈಗ ಹೋಗಿದ್ದೆ. ಬೋಟು ದಕ್ಕೆಯಲ್ಲಿ ಇಲ್ಲ. ಯಾರು ತಗೊಂಡು ಹೋದಿರಿ??

ಮನೆ 17, ಶನಿವಾರ ಸಂಜೆ 5:44
ಮನೆ 3ರವರು. ಕಂಬ ತರಲು ಆಚೆ ದಡಕ್ಕೆ ಹೋಗಿದ್ದಾರೆ.